ನೆಮ್ಮದಿ ರೇಖೆ

ಅಭಯ ಎಂಬ ಆ ಪಿಸ್ತೂಲು ಹೆದರಿದವರ ಕೈಯಲ್ಲಿ ಮಾತ್ರ ತೆರೆದುಕೊಳ್ಳುತ್ತಿತ್ತು. ಸಿಟ್ಟು ಬಂದವರ ಕೈಯಲ್ಲಿ, ಕುಡಿದವರ ಕೈಯಲ್ಲಿ, ಗೆಳೆಯರೆದುರು ಮೀಸೆ ತಿರುವುವವರ ಕೈಯಲ್ಲಿ ಅದು ಬರೀ ಕಬ್ಬಿಣ. ವಿದ್ಯಾರ್ಥಿಗಳು ಕಾಲೇಜಿಗೆ ಆಯುಧ ಒಯ್ಯಬಹುದೆಂಬ ಕಾಯ್ದೆ ಈ ಒಂದು ಮಾತಿನ ಮೇಲೆ ನಿಂತಿತ್ತು. ಆ ಕಾಯ್ದೆಯ ಮೇಲೆ ದಾನಮ್ಮ ಕೆರೂರಳ ನೌಕರಿ ನಿಂತಿತ್ತು.

ಯಂತ್ರದ ಗುಟ್ಟು ದೊಡ್ಡದೇನಲ್ಲ. ಹಿಡಿಕೆಯ ಒಳಗೆ ಕೂದಲಿಗಿಂತ ತೆಳುವಾದ ತಂತಿಗಳಿದ್ದವು. ಅಂಗೈಯ ಬೆವರು, ನಾಡಿ, ಬೆರಳಿನ ನಡುಕ, ಚರ್ಮದ ಬಿಸಿ, ಈ ನಾಲ್ಕನ್ನು ಅವು ಅಳೆಯುತ್ತಿದ್ದವು. ಸಿಟ್ಟಿನಲ್ಲೂ ನಾಡಿ ಓಡುತ್ತದೆ, ಬೆವರೂ ಬರುತ್ತದೆ. ಆದರೆ ಸಿಟ್ಟಿನಲ್ಲಿ ಅಂಗೈ ಬೆಚ್ಚಗಾಗುತ್ತದೆ. ಭಯದಲ್ಲಿ ನೆತ್ತರು ಬೆರಳ ತುದಿಯಿಂದ ಹಿಂದೆ ಸರಿದು ಕೈ ತಣ್ಣಗಾಗುತ್ತದೆ. ಇಷ್ಟನ್ನು ಹಿಡಿದದ್ದೇ ಇಡೀ ಶೋಧ. ನಾಲ್ಕೂ ಸೇರಿ ಪರದೆಯ ಮೇಲೆ ಒಂದು ಹಸಿರು ಗೆರೆಯಾಗುತ್ತಿತ್ತು. ಒಬ್ಬೊಬ್ಬರ ದೇಹ ಒಂದೊಂದು ಥರವಾದ್ದರಿಂದ, ಪಿಸ್ತೂಲು ಕೊಡುವ ಮುನ್ನ ಪ್ರತಿಯೊಬ್ಬರನ್ನೂ ಕುರ್ಚಿಯಲ್ಲಿ ಸುಮ್ಮನೆ ಕೂಡಿಸಿ, ಕೈಗೆ ಹಿಡಿಕೆ ಕೊಟ್ಟು, ಅವರು ಆರಾಮಾಗಿದ್ದಾಗಿನ ಗೆರೆಯನ್ನು ಅಳೆದಿಡುತ್ತಿದ್ದರು. ಸರ್ಕಾರದ ಆದೇಶದಲ್ಲಿ ಅದಕ್ಕೆ ನೆಮ್ಮದಿ ರೇಖೆ ಎಂದು ಹೆಸರು. ಅದರ ಮೂರು ಪಟ್ಟು ಏರಿದರೆ ಬೀಗ ತೆರೆಯುತ್ತದೆ, ಕಾಲೇಜಿನ ಕಾವಲುಗಾರರ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ. ಏರದಿದ್ದರೆ ಎರಡೂ ಇಲ್ಲ.

ಈ ಕಾಯ್ದೆ ತಂದವರಲ್ಲಿ ದಾನಮ್ಮನ ಮಗಳೂ ಒಬ್ಬಳು. ಸೃಷ್ಟಿ ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಳು. ಪ್ರಯೋಗಾಲಯ ಮುಗಿಸಿ ಹುಬ್ಬಳ್ಳಿಯ ಚಿಗರಿ ಬಸ್ಸು ಹಿಡಿಯಲು ಕಾಲೇಜಿನ ಹಿಂದಿನ ರಸ್ತೆಯಲ್ಲಿ ಬರಬೇಕು. ಎರಡೂ ಬದಿ ಜಾಲಿಗಿಡ, ಒಂದೂ ದೀಪವಿಲ್ಲ. ಅಲ್ಲಿ ಅವಳ ತರಗತಿಯ ಹುಡುಗಿಯೊಬ್ಬಳ ಮೇಲೆ ಹಲ್ಲೆಯಾದಾಗ ವಿದ್ಯಾರ್ಥಿಗಳು ಗೇಟಿನ ಮುಂದೆ ಧರಣಿ ಕೂತರು. ಮೊದಲ ದಿನದ ಬೇಡಿಕೆ ದೀಪದ್ದೇ. ಆದರೆ ಆ ರಸ್ತೆ ಯಾವ ಇಲಾಖೆಯದೆಂಬುದು ತೀರ್ಮಾನವಾಗಲಿಲ್ಲ. ದೀಪ ಕೊಡಲಾಗದವರು ಆಯುಧ ಕೊಡಲಿ ಎಂದು ವಿದ್ಯಾರ್ಥಿ ಸಂಘದ ಅಧ್ಯಕ್ಷ ಆದರ್ಶ ಮೆಣಸಿನಕಾಯಿ ಮೈಕಿನಲ್ಲಿ ಅಂದ. ಚಪ್ಪಾಳೆಗಾಗಿ ಅಂದ ಮಾತು. ಅದನ್ನು ಬೇಡಿಕೆಯಾಗಿ ಮಾಡಿದವಳು ಸೃಷ್ಟಿ. ಊರೂರಿನ ಕಾಲೇಜು ಸುತ್ತಿದಳು, ಸಹಿ ಕೂಡಿಸಿದಳು, ಬೆಂಗಳೂರಿಗೆ ಹೋಗಿ ಊಟ ಬಿಟ್ಟು ಕೂತಳು. ಅಷ್ಟರಲ್ಲಿ ಅಭಯ ತಯಾರಾಗಿತ್ತು. ದೀಪದ ಕಂಬ ಯಾರು ನೆಡಬೇಕೆಂದು ಹೇಳಲಾಗದ ಸರ್ಕಾರ ಪಿಸ್ತೂಲಿಗೆ ಒಂದೇ ಅಧಿವೇಶನದಲ್ಲಿ ಕಾಯ್ದೆ ಮಾಡಿತು. ಒಂದು ಕಾಲೇಜಿನಲ್ಲಿ ಒಂದು ವರ್ಷ ಪ್ರಯೋಗ. ಪರಿಶೀಲನಾ ಸಮಿತಿ ಒಪ್ಪಿದರೆ ಆಮೇಲೆ ರಾಜ್ಯಕ್ಕೆಲ್ಲ.

ದಾನಮ್ಮ ಮೊದಲಿನಿಂದಲೂ ಬೇಡವೆಂದೇ ಹೇಳಿದ್ದಳು. ಮಗಳು ಬ್ಯಾಗಿನಲ್ಲಿ ಡಬ್ಬಿಯ ಪಕ್ಕ ಪಿಸ್ತೂಲಿಟ್ಟುಕೊಂಡು ಹೊರಟಾಗ ಅವಳು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು. ಆದರೆ ಅವಳ ಹಳೆಯ ಕಂಪನಿ ಬಾಗಿಲು ಹಾಕಿದಾಗ ಸಿಕ್ಕ ಕೆಲಸ ಇದೊಂದೇ: ಗೋಕುಲ ರಸ್ತೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಕೂತು ಅಭಯದ ಗೆರೆಗಳನ್ನು ಕಾಯುವುದು. ಬೇಡವೆಂದವಳೇ ಕಾಯುತ್ತಿದ್ದಳು. ಮನೆಯಲ್ಲಿ ಈ ಮಾತೆತ್ತಿ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ನಿಯಂತ್ರಣ ಕೋಣೆಯಲ್ಲಿ ನಗುವಿಗೇನೂ ಬರವಿರಲಿಲ್ಲ. ಪಕ್ಕದ ಕುರ್ಚಿಯ ಇಮಾಮಸಾಬ್ ನದಾಫ ಹುಡುಗರ ಗೆರೆ ನೋಡುತ್ತಿದ್ದ, ದಾನಮ್ಮ ಹುಡುಗಿಯರದು. ಗಾಬರಿಯಾದರೆ ಎಲ್ಲರ ಕೈಯೂ ಮೊದಲು ಬ್ಯಾಗಿನೊಳಗಿನ ಹಿಡಿಕೆಗೇ ಹೋಗುತ್ತಿತ್ತು. ಇಮಾಮಸಾಬನ ಪರದೆ ದಿನಾ ಮಿಣುಕುತ್ತಿತ್ತು. ಪ್ರಾಂಶುಪಾಲರು ಕರೆಸಿದರೆಂದು ಒಬ್ಬನ ಪಿಸ್ತೂಲು ತೆರೆಯಿತು. ನಿಲ್ಲಿಸಿದ ಬೈಕನ್ನು ಪೊಲೀಸರು ಎಳೆದೊಯ್ದರೆಂದು ಇನ್ನೊಬ್ಬನದು. ತೆರೆದಾಗಲೆಲ್ಲ ಕಾವಲುಗಾರರು ಓಡುತ್ತಿದ್ದರು, ಹುಡುಗ ತಲೆ ಕೆರೆದುಕೊಳ್ಳುತ್ತಿದ್ದ, ಬೀಗ ಮತ್ತೆ ಬೀಳುತ್ತಿತ್ತು.

"ಅಕ್ಕಾರ, ಆದರ್ಶಂದು ಮತ್ತ ತೆರೀತು ನೋಡ್ರಿ," ಎಂದ ಅವನು ಆ ಸಂಜೆ, ಕಾಲೇಜಿನ ಕಾವಲು ಕೋಣೆಯವರ ಫೋನಿಡುತ್ತ.

"ಯಾರರ ಬೆನ್ನ ಹತ್ತ್ಯಾರೇನು?"

"ಇಂಟರ್ನಲ್ ಮಾರ್ಕ್ಸ್ ಹಚ್ಚ್ಯಾರಂತ್ರಿ, ನೋಟಿಸ್ ಬೋರ್ಡಿಗೆ."

ದಾನಮ್ಮ ನಗುತ್ತಲೇ ತನ್ನ ಪರದೆಗೆ ತಿರುಗಿದಳು. ಅಲ್ಲಿ ಒಂದು ಗೆರೆ ಏರುತ್ತಿತ್ತು. ಪರದೆಯಲ್ಲಿ ಹೆಸರುಗಳಿರಲಿಲ್ಲ, ಸಂಖ್ಯೆ ಮಾತ್ರ. ಆದರೆ ಪಿಸ್ತೂಲು ಬಂದ ದಿನ ಮಗಳು ಹಿಡಿಕೆಯ ಕೆಳಗಿನ ಸಂಖ್ಯೆಯನ್ನು ಹೊಸ ಮೊಬೈಲ್ ನಂಬರಿನಂತೆ ಓದಿ ಹೇಳಿದ್ದಳು. ಸೃಷ್ಟಿಯ ಗೆರೆ. ನಕ್ಷೆಯ ಮೇಲೆ ಹಿಂದಿನ ರಸ್ತೆ.

ಗೆರೆ ಏರಿತು. ಅಂಗೈ ತಣ್ಣಗಾಯಿತು. ನಾಡಿ ಎಷ್ಟು ಓಡಬಹುದೋ ಅಷ್ಟು ಓಡಿತು. ತೆರೆಯುವ ಮಟ್ಟಕ್ಕೆ ಇನ್ನೂ ಬಹಳ ದೂರವಿರುವಾಗಲೇ ಅದು ನಿಂತುಬಿಟ್ಟಿತು, ಚಾವಣಿ ತಗಲಿದ ಹಾಗೆ. ಅಲ್ಲೇ ನಡುಗುತ್ತ ನಿಂತಿತು. ದಾನಮ್ಮ ಮಗಳಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಕಾಲೇಜಿನ ಕಾವಲು ಕೋಣೆಗೆ ಹಚ್ಚಿದಳು. ಗಂಟೆ ಹೊಡೆದಿಲ್ಲವಲ್ಲ ಎಂದರು ಅವರು. ಗಂಟೆ ಹೊಡೆಯದೆ ಗೇಟು ಬಿಟ್ಟು ಹೋದರೆ ತಮ್ಮನ್ನು ಕೇಳುತ್ತಾರೆ ಎಂದರು. ಅಮ್ಮಾ, ಹುಡುಗಿಗೆ ನಿಜಕ್ಕೂ ಭಯವಾಗಿದ್ದರೆ ಅದು ತೆರೆಯುತ್ತಿತ್ತು ಎಂದು ಸಮಾಧಾನವನ್ನೂ ಹೇಳಿದರು.

ಗೆರೆ ಇಳಿಯುವವರೆಗೆ ಇಮಾಮಸಾಬ್ ಅವಳ ಕುರ್ಚಿಯ ಹಿಂದೆ ಸುಮ್ಮನೆ ನಿಂತಿದ್ದ. ಆಮೇಲೆ ಮಗಳ ಫೋನು ಬಂತು. ಬೈಕಿನ ಮೇಲೆ ಇಬ್ಬರು ಹಿಂದೆ ಬಿದ್ದಿದ್ದರಂತೆ. ಒಬ್ಬ ಓಡಣಿ ಹಿಡಿದು ಎಳೆದನಂತೆ. ಪಿಸ್ತೂಲು ತೆಗೆದು ತೋರಿಸಿದಾಗ ಬೀಗದ ಮೇಲಿನ ಕೆಂಪು ದೀಪ ಹಸಿರಾಗಲಿಲ್ಲ. ಅವರು ಆ ಕೆಂಪು ದೀಪ ನೋಡಿ ನಕ್ಕರಂತೆ. ಓಡಣಿ ಅವರ ಕೈಯಲ್ಲೇ ಬಿಟ್ಟು ಓಡಿ, ಝೆರಾಕ್ಸ್ ಅಂಗಡಿಯೊಳಗೆ ಹೊಕ್ಕು ಕೂತಿದ್ದಳು. ಇದನ್ನೆಲ್ಲ ಸೃಷ್ಟಿ ಬೇರೆ ಯಾರಿಗೋ ಆದದ್ದೆಂಬಂತೆ ಹೇಳಿದಳು. ಕೊನೆಯ ಮಾತು ಮಾತ್ರ ತನ್ನದಾಗಿ ಹೇಳಿದಳು.

"ಕೆಟ್ಟೈತವ್ವಾ ಇದು. ನನಗ ಕೆಟ್ಟದ್ದ ಕೊಟ್ಟಾರ."

ಮರುದಿನ ಮುಂಜಾನೆ ನಳಕ್ಕೆ ನೀರು ಬಂತು. ಪಿಸ್ತೂಲಿಗೆ ಬುದ್ಧಿ ಬಂದ ಕಾಲದಲ್ಲೂ ಅವರ ಓಣಿಗೆ ನೀರು ಬರುತ್ತಿದ್ದುದು ವಾರಕ್ಕೊಮ್ಮೆ. ದಾನಮ್ಮ ಕೊಡ ಹಿಡಿಯುತ್ತಿದ್ದಳು, ಗಂಡ ಬಸವಂತ ಒಯ್ದು ಸುರಿಯುತ್ತಿದ್ದ, ಮಗಳು ಮೇಲಿನ ಟಾಕಿಗೆ ಪೈಪು ಸಿಗಿಸುತ್ತಿದ್ದಳು. ಬಸವಂತ ಲೇಥ್ ಕಾರ್ಖಾನೆಯಲ್ಲಿ ಫೋರ್‌ಮನ್. ಮಾತು ಕಡಿಮೆ. ರಾತ್ರಿಯೇ ಹೋಗಿ ಪೊಲೀಸರಿಗೆ ದೂರು ಕೊಟ್ಟು ಬಂದಿದ್ದ. ಬೈಕಿನ ನಂಬರು ಕೇಳಿದರು, ಇಲ್ಲವೆಂದಾಗ ಪೆನ್ನಿನ ಮುಚ್ಚಳ ಹಾಕಿದರು ಎಂದಷ್ಟೇ ಹೇಳಿದ.

ಪಿಸ್ತೂಲನ್ನು ದುರಸ್ತಿಗೆ ಕಳಿಸುತ್ತೇನೆಂದು ಸೃಷ್ಟಿ ಅಂದಳು. ದಾನಮ್ಮ ಕೊಡ ಕೆಳಗಿಟ್ಟಳು. ರಾತ್ರಿಯೆಲ್ಲ ನಾಲಿಗೆಯ ತುದಿಯಲ್ಲಿದ್ದುದನ್ನು ಹೇಳಲೇಬೇಕಾಯಿತು. ಪಿಸ್ತೂಲು ಕೆಟ್ಟಿಲ್ಲ. ನಿನ್ನೆ ವರ್ಷದ ದಾಖಲೆಯನ್ನೆಲ್ಲ ತೆಗೆದು ನೋಡಿದ್ದಳು, ಹುಡುಗಿಯರ ಗೆರೆಗಳೆಲ್ಲ ಹೀಗೇ. ಅವರ ನೆಮ್ಮದಿ ರೇಖೆಯೇ ಎಷ್ಟು ಮೇಲಿದೆಯೆಂದರೆ, ಅದರ ಮೂರು ಪಟ್ಟು ಏರಲು ಮನುಷ್ಯರ ದೇಹಕ್ಕೆ ಆಗುವುದಿಲ್ಲ.

ಮಗಳಿಗೆ ಸಿಟ್ಟು ಬಂತು. ಅವ್ವನಿಗೆ ಈ ಕಾಯ್ದೆ ಎಂದೂ ಬೇಕಿರಲಿಲ್ಲ, ಈಗ ನೆಪ ಸಿಕ್ಕಿತು ಎಂದಳು. ನೆಮ್ಮದಿ ಅಳೆಯುವಾಗ ಕುರ್ಚಿಯಲ್ಲಿ ಆರಾಮಾಗಿಯೇ ಕೂತಿದ್ದೆನಲ್ಲ ಎಂದಳು.

"ಆವಾಗ ನಿನ್ನ ಹಿಂದ ಯಾರ ನಿಂತಿದ್ರು?" ದಾನಮ್ಮ ಕೇಳಿದಳು.

ನೆಮ್ಮದಿ ಅಳೆಯುವ ಶಿಬಿರ ನಡೆದದ್ದು ಕಾಲೇಜಿನ ಪರೀಕ್ಷಾ ಕೊಠಡಿಯಲ್ಲಿ. ಹುಡುಗರು ಗುಂಪುಗುಂಪಾಗಿ ಗಿರಮಿಟ್ ತಿನ್ನುತ್ತ ಬಂದು, ಒಬ್ಬರಿಗೊಬ್ಬರು ಕೀಟಲೆ ಮಾಡುತ್ತಲೇ ಹಿಡಿಕೆ ಹಿಡಿದು ಎದ್ದು ಹೋಗಿದ್ದರು. ಹುಡುಗಿಯರು ಕಡ್ಡಾಯವಾಗಿ ಪಾಲಕರೊಡನೆ ಬರಬೇಕೆಂಬ ನಿಯಮವಿತ್ತು. ಆಯುಧದ ವಿಷಯ, ಮನೆಯವರಿಗೆ ಗೊತ್ತಿರಬೇಕಲ್ಲ. ಯಾರೂ ಅದಕ್ಕೆ ಎದುರಾಡಲಿಲ್ಲ. ಎದುರಾಡುವಂಥದ್ದೆಂದು ಯಾರಿಗೂ ಹೊಳೆಯಲಿಲ್ಲ. ಸೃಷ್ಟಿಯೇ ಆ ನಿಯಮವನ್ನು ದಪ್ಪ ಅಕ್ಷರದಲ್ಲಿ ಪೋಸ್ಟರಿಗೆ ಹಾಕಿಸಿದ್ದಳು. ಒಂದೊಂದು ಕುರ್ಚಿಯ ಹಿಂದೆ ಒಬ್ಬ ಅಪ್ಪ, ಇಲ್ಲವೆ ಅಣ್ಣ, ಇಲ್ಲವೆ ಕಾಕಾ, ಕೈಕಟ್ಟಿಕೊಂಡು ನಿಂತಿದ್ದರು. ಕಾಲೇಜಿನಲ್ಲಿ ಮಗಳು ಯಾರ ಜತೆ ನಗುತ್ತಾಳೆ, ಯಾರು ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ ಎಂದು ನೋಡುತ್ತ.

ಬಸವಂತ ತುಂಬಿದ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದ.

"ನಾ ನಿಂತಿದ್ದೆ," ಎಂದ. ಆಮೇಲೆ, "ನಾ ಏನ್ ಮಾಡೀನಿ ಆಕಿಗೆ? ಒಂದ್ ದಿನಾ ಕೈ ಎತ್ತಿಲ್ಲ."

ಹೌದು, ಎತ್ತಿರಲಿಲ್ಲ. ದನಿ ಏರಿಸಿದ್ದೂ ಕಡಿಮೆ. ಅದನ್ನು ಇಬ್ಬರೂ ಒಪ್ಪಿದರು. ಹಾಗಿದ್ದರೆ ಮತ್ತೇಕೆ ಎಂದಾಗ ಮಗಳು ಪೈಪು ನೋಡುತ್ತ ನಿಂತಳು. ಟಾಕಿ ತುಂಬಿ ನೀರು ಅಂಗಳಕ್ಕೆ ಸುರಿಯಿತು. ಯಾರೂ ನಳ ನಿಲ್ಲಿಸಲಿಲ್ಲ.

ಅಂದೇ ದಾನಮ್ಮ ನಿಯಂತ್ರಣ ಕೇಂದ್ರದ ಮುಖ್ಯಸ್ಥ ಇನಾಮದಾರ ಸರ್ ಅವರ ಕೋಣೆಗೆ ಹೋದಳು. ಅಭಯದ ಬೀಗ ರೂಪಿಸಿದವರಲ್ಲಿ ಅವರೂ ಒಬ್ಬರು. ಕೆಟ್ಟ ಮನುಷ್ಯರಲ್ಲ. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು, ಅಂಕಿಗಳನ್ನು ತಾವೇ ತೆಗೆದು ನೋಡಿದರು, ಬಹಳ ಹೊತ್ತು ಕನ್ನಡಕ ಒರೆಸಿದರು.

"ದಾನಮ್ಮಾರ, ಯಂತ್ರ ಸರಿ ಐತಿ," ಎಂದರು ಕೊನೆಗೆ.

"ಯಂತ್ರ ಸರಿ ಐತಿ ಅಂತನ ನಾನೂ ಹೇಳಾಕತ್ತೀನ್ರಿ, ಸರ್."

ಮತ್ತೆ ಶಿಬಿರ ಮಾಡಿ, ಈ ಸಲ ಪಾಲಕರನ್ನು ಹೊರಗೆ ನಿಲ್ಲಿಸಿ ಅಳೆಯೋಣ ಎಂದು ಅವಳು ಕೇಳಿದಳು. ಅವರು ಪರದೆ ತಿರುಗಿಸಿ ಲೆಕ್ಕ ಹಾಕಿ ತೋರಿಸಿದರು. ಹುಡುಗಿಯರ ರೇಖೆಯನ್ನು ಹುಡುಗರಷ್ಟು ಕೆಳಗೆ ತಂದರೆ, ಕಳೆದೊಂದು ವರ್ಷದಲ್ಲಿ ಅವರ ಪಿಸ್ತೂಲುಗಳು ಎಲ್ಲೆಲ್ಲಿ ತೆರೆಯುತ್ತಿದ್ದವೋ ಅಲ್ಲೆಲ್ಲ ನಕ್ಷೆಯ ಮೇಲೆ ಒಂದೊಂದು ಚುಕ್ಕಿ. ತುಂಬಿದ ಬಸ್ಸಿನಲ್ಲಿ ಚುಕ್ಕಿ, ಗೇಟಿನ ಎದುರಿನ ಚಹಾ ಅಂಗಡಿಯ ಮುಂದೆ ಚುಕ್ಕಿ, ಪ್ರಯೋಗಾಲಯದ ಮೆಟ್ಟಿಲಲ್ಲಿ ಚುಕ್ಕಿ, ಸಂಜೆ ಮನೆಯ ಬಾಗಿಲಲ್ಲಿ ಚುಕ್ಕಿ. ಹಿಂದಿನ ರಸ್ತೆ ಕಾಣಿಸುತ್ತಲೇ ಇರಲಿಲ್ಲ, ಅಷ್ಟು ಚುಕ್ಕಿ.

ಇದನ್ನು ಸಮಿತಿಯ ಮುಂದಿಟ್ಟರೆ ಪಿಸ್ತೂಲನ್ನೇ ಕಸಿದುಕೊಳ್ಳುತ್ತಾರೆ, ಇಡದಿದ್ದರೆ ತೆರೆಯದ ಪಿಸ್ತೂಲು ರಾಜ್ಯದ ಹುಡುಗಿಯರ ಕೈಗೆಲ್ಲ ಹೋಗುತ್ತದೆ. ನಾನೇನು ಮಾಡಲಿ ಹೇಳಿ ಎಂದು ಅವರು ದಾನಮ್ಮನನ್ನೇ ಕೇಳಿದರು. ಅವಳಿಗೆ ಬೇಕಾಗಿದ್ದುದು ಒಂದೇ: ತೆರೆಯುತ್ತದೆಂದು ನಂಬಿ ಮಗಳು ಆ ರಸ್ತೆಯಲ್ಲಿ ಮತ್ತೆ ಕಾಲಿಡಬಾರದು.

ಸೃಷ್ಟಿ ಕೆಲವು ದಿನ ಅವ್ವನ ಜತೆ ಮಾತು ಬಿಟ್ಟಳು. ಆದರೆ ಕಾಲೇಜಿನಲ್ಲಿ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತ ಹೋದಳು. ಬಹಳ ಜನ ಒಂದಲ್ಲ ಒಂದು ಸಲ ಹಿಡಿಕೆ ಬಿಗಿಯಾಗಿ ಹಿಡಿದಿದ್ದರು, ಕೆಂಪು ದೀಪ ಹಾಗೇ ಇತ್ತು. ತಮ್ಮ ಭಯವೇ ಸಾಲದೇನೋ ಎಂದುಕೊಂಡು ಯಾರೂ ಬಾಯಿ ಬಿಟ್ಟಿರಲಿಲ್ಲ. ಅವಳು ಆದರ್ಶನ ಬಳಿ ಹೋಗಿ, ಸಮಿತಿಯ ಮುಂದೆ ಸಂಘ ಈ ಮಾತು ಎತ್ತಬೇಕೆಂದಳು. ಗೆದ್ದ ಹೋರಾಟವನ್ನು ನೀನೇ ಕೆಡಿಸುತ್ತೀಯಲ್ಲ, ರಾಜ್ಯಕ್ಕೆಲ್ಲ ಬರಲಿ, ಆಮೇಲೆ ತಿದ್ದುಪಡಿ ಕೇಳೋಣ ಎಂದ ಅವನು. ಅವನ ಪಿಸ್ತೂಲು ವರ್ಷದಲ್ಲಿ ಎಷ್ಟು ಸಲ ತೆರೆದಿದೆ ಎಂದು ಅವಳು ಕೇಳಿದಳು. ಅದು ವೈಯಕ್ತಿಕ ವಿಷಯ ಎಂದ.

ಸಮಿತಿ ಕಾಲೇಜಿನ ಸಭಾಂಗಣಕ್ಕೆ ಬಂತು. ವೇದಿಕೆಯ ಮೇಲೆ ನಿವೃತ್ತ ನ್ಯಾಯಾಧೀಶರೊಬ್ಬರು, ಇಬ್ಬರು ಶಾಸಕರು, ಇನಾಮದಾರ ಸರ್. ಬದಿಯಲ್ಲಿ ಪರದೆ ನಡೆಸಲು ದಾನಮ್ಮ. ಕೆಳಗೆ ವಿದ್ಯಾರ್ಥಿಗಳು, ಹಿಂದಿನ ಸಾಲುಗಳಲ್ಲಿ ಪಾಲಕರು. ಬಸವಂತ ರಜೆ ಹಾಕಿ ಬಂದಿದ್ದ; ಬರುತ್ತೇನೆಂದು ಮನೆಯಲ್ಲಿ ಹೇಳಿರಲಿಲ್ಲ.

ಅಂಕಿಗಳು ಪರದೆಯ ಮೇಲೆ ಬಂದವು. ವರ್ಷದಲ್ಲಿ ಹುಡುಗರ ಪಿಸ್ತೂಲು ಇನ್ನೂರಕ್ಕೂ ಹೆಚ್ಚು ಸಲ ತೆರೆದಿತ್ತು. ಹುಡುಗಿಯರದು ಒಂದು ಸಲವೂ ಇಲ್ಲ. ನ್ಯಾಯಾಧೀಶರ ಮುಖ ಅರಳಿತು. ಈ ಕಾಲೇಜಿನ ಹೆಣ್ಣುಮಕ್ಕಳಿಗೆ ಭಯವೆಂಬುದೇ ಆಗಿಲ್ಲ, ಆಯುಧ ಜತೆಗಿದೆ ಎಂಬ ಧೈರ್ಯವೇ ಅವರನ್ನು ಕಾಪಾಡಿದೆ ಎಂದು ಮೆಚ್ಚಿ ನುಡಿದರು. ಸಭೆ ಚಪ್ಪಾಳೆ ತಟ್ಟಿತು. ಆದರ್ಶ ಎದ್ದು ನಿಂತು ತಟ್ಟಿದ.

ಸೃಷ್ಟಿ ಅಪ್ಪಣೆ ಕೇಳದೆ ವೇದಿಕೆ ಹತ್ತಿದಳು. ಮಾತಾಡಿ ಒಪ್ಪಿಸುವುದರಲ್ಲಿ ತನ್ನಷ್ಟು ಗಟ್ಟಿಯವರಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಂದು ಮಾತೇ ಆಡಲಿಲ್ಲ. ಅಲ್ಲಿ ಪ್ರದರ್ಶನಕ್ಕಿಟ್ಟಿದ್ದ ಬರೀ ಹಿಡಿಕೆಯನ್ನು ಕೈಗೆ ತೆಗೆದುಕೊಂಡು ಪರದೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತು, ತನ್ನ ನೆಮ್ಮದಿ ರೇಖೆಯನ್ನು ಈಗ ಎಲ್ಲರೆದುರು ಅಳೆಯಿರಿ ಎಂದಳು. ನ್ಯಾಯಾಧೀಶರು ಇನಾಮದಾರರ ಕಡೆ ನೋಡಿದರು. ಇನಾಮದಾರರು ದಾನಮ್ಮನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಬೇಡವೆಂದೋ ಆಗಲಿ ಎಂದೋ ದಾನಮ್ಮನಿಗೆ ತಿಳಿಯಲಿಲ್ಲ, ಗುಂಡಿ ಒತ್ತಿದಳು.

ಹಸಿರು ಗೆರೆ ಪರದೆಯ ಮೇಲೆ ಬಂತು, ಸ್ವಲ್ಪ ತೊನೆದಾಡಿತು, ಇಳಿದು ಕೆಳಗೆ ನಿಂತಿತು. ಇಷ್ಟು ಜನರೆದುರು ಕೂತಿದ್ದರೂ ಅದು ದಾನಮ್ಮ ಜತೆಗೇ ತೆರೆದಿಟ್ಟ ಶಿಬಿರದ ದಿನದ ಗೆರೆಗಿಂತ ಬಹಳ ಕೆಳಗಿತ್ತು. ಯಂತ್ರ ಬೇರೆ, ದಿನ ಬೇರೆ ಎಂದು ಶಾಸಕರೊಬ್ಬರು ಅಂದರು.

ಆಗ ಹಿಂದಿನ ಸಾಲಿನಿಂದ ಬಸವಂತ ಎದ್ದ. ಇಡೀ ಸಭಾಂಗಣದ ಉದ್ದಕ್ಕೂ ನಡೆದು ಬಂದ. ದಾನಮ್ಮ ಬೇಡವೆಂದು ಕಣ್ಣಲ್ಲೇ ಹೇಳಿದಳು, ಅವನು ನೋಡಲಿಲ್ಲ. ವೇದಿಕೆ ಹತ್ತಿ, ಮಗಳ ಕುರ್ಚಿಯ ಹಿಂದೆ, ಅಂದು ನಿಂತಿದ್ದಂತೆಯೇ ಕೈಕಟ್ಟಿಕೊಂಡು ನಿಂತ.

ಸೃಷ್ಟಿ ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಚಪ್ಪಲಿಯ ಸದ್ದು ಸಾಕಿತ್ತು. ಗೆರೆ ಏರಿತು. ಅಪ್ಪ ನೋಡುತ್ತಿರುವಂತೆಯೇ ಅವನ ಎತ್ತರಕ್ಕೆ, ಅವನ ತಲೆಯ ಮೇಲಕ್ಕೆ ಏರಿ, ಶಿಬಿರದ ದಿನದ ಗೆರೆಯ ಮೇಲೆ ಸರಿಯಾಗಿ ಕೂತಿತು.

ಬಸವಂತ ಕೈ ಬಿಚ್ಚಿದ. ಒಂದು ಹೆಜ್ಜೆ ಹಿಂದೆ ಸರಿದ, ಗೆರೆ ನೋಡಿದ. ಮತ್ತೆ ಸರಿದ. ವೇದಿಕೆ ಇಳಿದ. ಲೇಥಿನ ಮೇಲೆ ಕಬ್ಬಿಣ ಹದಕ್ಕೆ ತರುವಾಗ ಕೂದಲೆಳೆಯಷ್ಟು ಸರಿಸಿ ಸರಿಸಿ ನೋಡುವ ಮನುಷ್ಯ. ಹಾಗೆಯೇ, ನೋಡುತ್ತ, ಸರಿಯುತ್ತ ಹೋದ. ಗೆರೆ ಪೂರ್ತಿ ಕೆಳಗಿಳಿದಾಗ ಅವನು ಸಭಾಂಗಣದ ಬಾಗಿಲ ಹೊರಗಿದ್ದ.

ಹಿಂದಿನ ಸಾಲುಗಳ ಗಂಡಸರು ತಮ್ಮ ತಮ್ಮ ಮಕ್ಕಳು ಎಲ್ಲಿ ಕೂತಿದ್ದಾರೆಂದು ನೋಡಿದರು, ಆಮೇಲೆ ಮೊಬೈಲು ನೋಡಿದರು.

ನ್ಯಾಯಾಧೀಶರಿಗೆ ಅರ್ಥವಾಯಿತು. ಆದದ್ದೇ ತೊಂದರೆಯಾಯಿತು. ಹಾಗಾದರೆ ಸರಿಯಾಗಿ ಅಳೆದರೆ ಏನಾಗುತ್ತದೆ ಎಂದು ಕೇಳಿದರು. ಇನಾಮದಾರರು ಚುಕ್ಕಿಗಳ ನಕ್ಷೆಯನ್ನು ತೋರಿಸಲೇಬೇಕಾಯಿತು. ಸಮಿತಿ ಅದನ್ನು ನೋಡಿ ಬೆಚ್ಚಿಬಿತ್ತು. ಇಷ್ಟು ಸಲ ತೆರೆಯುವ ಪಿಸ್ತೂಲೇ? ಬಸ್ಸಿನಲ್ಲಿ? ಮನೆಯ ಬಾಗಿಲಲ್ಲಿ? ಇಷ್ಟು ಹೆದರುವವರ ಕೈಗೆ ಆಯುಧ ಕೊಡುವುದೆಂತು? ಒಳಗೆ ಹೋಗಿ ಚಹಾ ಕುಡಿದು ಬಂದು ತೀರ್ಮಾನ ಓದಿದರು. ಅಭಯ ಯೋಜನೆ ರಾಜ್ಯದ ಎಲ್ಲ ಕಾಲೇಜುಗಳಿಗೆ. ವಿದ್ಯಾರ್ಥಿನಿಯರ ಪರವಾನಗಿ ಮಾತ್ರ, ಅವರದೇ ಸುರಕ್ಷತೆಯ ದೃಷ್ಟಿಯಿಂದ, ಮುಂದಿನ ಆದೇಶದವರೆಗೆ ಅಮಾನತು.

ದಾನಮ್ಮ ಮಾತಾಡಬಾರದಿತ್ತು. ಅವಳು ಪರದೆಯವಳು. ಆದರೂ ಎದ್ದಳು.

"ಸಾಹೇಬ್ರ, ಪಿಸ್ತೂಲ್ ಬ್ಯಾಡ್ರಿ. ಆ ಹಿಂದಿನ ರಸ್ತಾಕ್ಕ ನಾಲ್ಕ್ ದೀಪರ ಹಾಕ್ಸ್ತೀರೇನು?"

ಪ್ರಶ್ನೆ ಒಳ್ಳೆಯದು ಎಂದರು ನ್ಯಾಯಾಧೀಶರು. ಆದರೆ ಅದು ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಸೃಷ್ಟಿ ಪಿಸ್ತೂಲು ಮರಳಿಸಿದಳು. ಹುಡುಗಿಯರೆಲ್ಲ ಮರಳಿಸಿದರು. ಗೇಟಿನ ಮುಂದೆ ಮತ್ತೆ ಧರಣಿ ಹೂಡಿದರು, ಈ ಸಲ ಬರೀ ದೀಪಕ್ಕಾಗಿ. ಆದರ್ಶ ಒಂದು ದಿನ ಬಂದು ಕೂತು ಫೋಟೊ ತೆಗೆಸಿಕೊಂಡು ಹೋದ. ಪತ್ರಿಕೆಯವರಿಗೆ ದೀಪದ ಸುದ್ದಿ ಬೇಡವಾಗಿತ್ತು. ದಾನಮ್ಮನ ಪರದೆಯಲ್ಲಿ ಹುಡುಗಿಯರ ಭಾಗ ಖಾಲಿಯಾಯಿತು. ಯಂತ್ರಕ್ಕೆ ಖಾಲಿ ಎಂಬುದು ಗೊತ್ತಿರಲಿಲ್ಲ. ಏರದ ಗೆರೆಗಳಿಗೆ ತೋರಿಸುವ ಮಾತನ್ನೇ ಅಲ್ಲಿ ದಿನವಿಡೀ ತೋರಿಸುತ್ತಿತ್ತು: ನೆಮ್ಮದಿ. ಇಮಾಮಸಾಬ್ ಆ ಮೂಲೆಯ ಮೇಲೆ ಒಂದು ಕಾಗದ ಅಂಟಿಸಿದ.

ಅಂದಿನಿಂದ ಬಸವಂತ ಮನೆಯಲ್ಲಿ ಇನ್ನೂ ಕಡಿಮೆ ಮಾತಾಡುತ್ತಿದ್ದ. ಮಗಳು ಕೋಣೆಯಲ್ಲಿದ್ದರೆ ಬಾಗಿಲಲ್ಲೇ ನಿಂತು ಕೆಮ್ಮಿ ಒಳಗೆ ಬರುತ್ತಿದ್ದ. ಅವಳಿಗೆ ಅದನ್ನೂ ಸಹಿಸಲಾಗುತ್ತಿರಲಿಲ್ಲ. ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದಳು.

ಒಂದು ಸಂಜೆ ನಿಯಂತ್ರಣ ಕೋಣೆಗೆ ಅವನ ಫೋನು ಬಂತು. ಹಿಂದೆ ಗಾಳಿಯ ಸದ್ದು. ಕಾರ್ಖಾನೆಯ ದೊಡ್ಡ ಬ್ಯಾಟರಿ ದೀಪ ತೆಗೆದುಕೊಂಡು ಕಾಲೇಜಿನ ಹಿಂದಿನ ರಸ್ತೆಗೆ ಬಂದಿದ್ದೇನೆ ಎಂದ. ಮಗಳು ಪ್ರಯೋಗಾಲಯದಿಂದ ಹೊರಬಿದ್ದಿದ್ದಾಳೆ, ದೂರದಲ್ಲಿ ಕಾಣುತ್ತಿದ್ದಾಳೆ. ತಾನಿರುವುದು ಅವಳಿಗೆ ಇನ್ನೂ ಗೊತ್ತಿಲ್ಲ. ದನಿ ತಗ್ಗಿಸಿ ಕೇಳಿದ.

"ಎಷ್ಟ್ ದೂರ ನಿಂದರ್ಲಿ?"

ದಾನಮ್ಮ ಅಭ್ಯಾಸಬಲದಿಂದ ಪರದೆಯ ಕಡೆ ನೋಡಿದಳು. ಅಂಟಿಸಿದ ಕಾಗದವಷ್ಟೇ ಇತ್ತು.

"ಅದನ್ನ ನನ್ನ ಕೇಳಬ್ಯಾಡ್ರಿ," ಎಂದಳು. "ಆಕಿನ್ನ ಕೇಳ್ರಿ."

ಅತ್ತ ಕಡೆ ಬ್ಯಾಟರಿಯ ಗುಂಡಿ ಒತ್ತಿದ ಸದ್ದು, ಮತ್ತು ಗಂಡ ಮಗಳ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಜೋರಾಗಿಯಲ್ಲ, ಮನೆಯ ಬಾಗಿಲಲ್ಲಿ ಕೆಮ್ಮುವಷ್ಟೇ.